ಮದ್ದು ಕಡಿಮೆಯಿರುವ ಕಾಯಿಲೆಯ ಜೊತೆ ಬದುಕು

ಮೈಟೊಕಾಂಡ್ರಿಯಾ ಕಾಯಿಲೆಯೆಂದರೆ ಜೀವಕೋಶಕ್ಕೆ ಬೇಕಾದ ಶಕ್ತಿಯ ತಯಾರಿಕೆಯೇ ಕುಂದುವ ಕಾಯಿಲೆ. ಉಂಡ ಅನ್ನ, ಉಸಿರಾಡಿದ ಆಮ್ಲಜನಕ ಎರಡನ್ನೂ ಬಳಸಿ ಶಕ್ತಿ ಒದಗಿಸುವ ಎಟಿಪಿ ಎಂಬ ರಾಸಾಯನಿಕವನ್ನು ಮಾಡಿಕೊಡುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳ ಕೆಲಸ. ಅದು ಸೊರಗಿದಾಗ ಹೆಚ್ಚು ಶಕ್ತಿ ಬೇಡುವ ಮಿದುಳು, ಸ್ನಾಯು, ಹೃದಯ, ಕಣ್ಣು, ಕಿವಿಗಳಿಗೆ ಪೆಟ್ಟು ಬೀಳುತ್ತದೆ. ಒಬ್ಬರಿಗೆ ರೆಪ್ಪೆ ಜೋಲುತ್ತದೆ, ಇನ್ನೊಬ್ಬರಿಗೆ ಫಿಟ್ಸ್ ಬರುತ್ತದೆ, ಮತ್ತೊಬ್ಬರಿಗೆ ಸಕ್ಕರೆ ಕಾಯಿಲೆಯೂ ಕಿವುಡೂ ಜೊತೆಯಾಗಿ ಬರುತ್ತವೆ. ಒಬ್ಬೊಬ್ಬ ತಜ್ಞರು ಒಂದೊಂದು ಅಂಗವನ್ನು ನೋಡಿ ಕಳಿಸುತ್ತಾರೆ. ಸಾಮಾನ್ಯ ರಕ್ತಪರೀಕ್ಷೆ ಸರಿಯಿದ್ದರೆ ‘ನಿಮಗೇನೂ ಆಗಿಲ್ಲ’ ಎನ್ನುವುದೂ ಉಂಟು. ಏಳಲಾಗದಷ್ಟು ದಣಿದವರಿಗೆ ಆ ಮಾತು ಮಾಡುವ ಗಾಯ ಸಣ್ಣದಲ್ಲ.

ಮೈಟೊಕಾಂಡ್ರಿಯಾದ ದೋಷದಿಂದಲೇ ರೋಗ ಬರಬಹುದೆಂದು ಮೊದಲು ತೋರಿಸಿದವರು ಸ್ವೀಡನ್ನಿನ ರೋಲ್ಫ್ ಲುಫ್ಟ್ ಮತ್ತು ಸಂಗಡಿಗರು, 1962ರಲ್ಲಿ. ಮೈಟೊಕಾಂಡ್ರಿಯಾದ ಸ್ವಂತ ಡಿಎನ್ಎಯಲ್ಲಿ ರೋಗಕಾರಕ ದೋಷಗಳು ಪತ್ತೆಯಾದದ್ದು 1988ರಲ್ಲಿ. 37 ಜೀನುಗಳ ಈ ಪುಟ್ಟ ಡಿಎನ್ಎ ಮಗುವಿಗೆ ತಾಯಿಯಿಂದ ಮಾತ್ರ ಬರುತ್ತದೆ. ಹಾಗೆಂದು ತಾಯಿಯನ್ನು ದೂರುವವರು ತಿಳಿಯಬೇಕಾದದ್ದಿದೆ: ಅವಳ ನಡೆಯಿಂದ ಈ ದೋಷ ಹುಟ್ಟುವುದಿಲ್ಲ, ಮೇಲಾಗಿ ಇಂಥ ಅನೇಕ ಕಾಯಿಲೆಗಳು ಕೋಶಕೇಂದ್ರದ ಜೀನುಗಳಿಂದ, ಅಂದರೆ ತಂದೆತಾಯಿ ಇಬ್ಬರ ಕಡೆಯಿಂದಲೂ ಬರುತ್ತವೆ.

ಬಹುತೇಕ ಬಗೆಗಳಿಗೆ ಗುಣಪಡಿಸುವ ಔಷಧಿ ಇಲ್ಲ. ಕೋಎಂಜೈಮ್ ಕ್ಯೂ10, ರೈಬೊಫ್ಲೇವಿನ್, ಕಾರ್ನಿಟಿನ್ ಎಂಬ ಪೂರಕಗಳನ್ನು ಬರೆದುಕೊಡುತ್ತಾರೆ. ಅವುಗಳಿಂದ ಎಲ್ಲರಿಗೂ ಗುಣ ಕಾಣುವುದಿಲ್ಲ. ಕ್ಯೂ10ರ ಕೊರತೆಯೇ ಮೂಲವಾಗಿರುವವರಿಗೆ ಮಾತ್ರ ಅದು ನಿಜವಾದ ಮದ್ದು. ಆದ್ದರಿಂದಲೇ ಜೀನ್ ಪರೀಕ್ಷೆ ವ್ಯರ್ಥವಲ್ಲ.

ಮದ್ದಿಲ್ಲದ ಕಡೆ ಹಾನಿ ತಡೆಯುವುದೇ ಚಿಕಿತ್ಸೆ, ಮತ್ತು ಅದರಲ್ಲಿ ಮನೆಯವರ ಪಾಲು ದೊಡ್ಡದು. ಹೊಟ್ಟೆ ಖಾಲಿ ಬಿಡಬಾರದು. ಏಕಾದಶಿ, ಶಿವರಾತ್ರಿಯ ನಿರಾಹಾರ ಈ ರೋಗಿಗಳಿಗೆ ಸಲ್ಲದು. ಜ್ವರ, ವಾಂತಿ, ಭೇದಿ ಬಂದಾಗ ಇದ್ದಕ್ಕಿದ್ದಂತೆ ಸ್ಥಿತಿ ಕುಸಿಯಬಹುದು. ಊಟ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು; ಗ್ಲೂಕೋಸ್ ಡ್ರಿಪ್ ಬೇಕಾಗಬಹುದು. ಫಿಟ್ಸಿಗೆ ಕೊಡುವ ವಾಲ್‌ಪ್ರೊಯೇಟ್, ಪಿಒಎಲ್‌ಜಿ ಜೀನಿನ ದೋಷವುಳ್ಳವರಲ್ಲಿ ಯಕೃತ್ತನ್ನು ಕೆಡಿಸಿ ಜೀವಕ್ಕೇ ಮುಳುವಾಗಬಲ್ಲದು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್ನುಗಳು ಕೆಲವು ದೋಷಗಳಿದ್ದವರ ಕಿವಿಯನ್ನು ಕಾಯಂ ಕಿವುಡಾಗಿಸಬಲ್ಲವು. ಹಾಗೆಂದು ತಿನ್ನುತ್ತಿರುವ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ. ರೋಗದ ಹೆಸರು, ವರ್ಜಿಸಬೇಕಾದ ಔಷಧಿ, ತುರ್ತಿನಲ್ಲಿ ಮಾಡಬೇಕಾದದ್ದು, ಅರಿವಳಿಕೆಗೆ ಮುನ್ನ ಹೆಚ್ಚು ಹೊತ್ತು ಉಪವಾಸ ಬೇಡವೆಂಬ ಸೂಚನೆ, ಇವಿಷ್ಟನ್ನು ವೈದ್ಯರ ಸಹಿಯೊಡನೆ ಒಂದು ಹಾಳೆಯಲ್ಲಿ ಇಟ್ಟುಕೊಂಡರೆ ನಡುರಾತ್ರಿ ಕ್ಯಾಶುವಾಲ್ಟಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳುವ ಪಾಡು ತಪ್ಪುತ್ತದೆ.

ದಣಿವಿನ ಲೆಕ್ಕ ಬೇರೆ. ಅಡುಗೆ, ಬಟ್ಟೆ, ಪೇಟೆ ಎಲ್ಲವನ್ನೂ ಒಂದೇ ದಿನ ಹೊತ್ತರೆ ಮರುದಿನ ಹಾಸಿಗೆ. ನಡುನಡುವೆ ವಿಶ್ರಾಂತಿಯಿಟ್ಟು ಹಂಚಿಕೊಂಡರೆ ಎರಡು ದಿನವೂ ನಿಭಾಯಿಸಬಹುದು. ಪೂರ್ತಿ ಮಲಗಿಬಿಡುವುದೂ ಸರಿಯಲ್ಲ, ನಿಧಾನವಾಗಿ ಏರಿಸುವ ಹದವಾದ ವ್ಯಾಯಾಮ ಸ್ನಾಯುಗಳಿಗೆ ಒಳ್ಳೆಯದೆಂದು ಅಧ್ಯಯನಗಳು ಹೇಳುತ್ತವೆ. ಹೃದಯ, ಕಣ್ಣು, ಕಿವಿ, ಸಕ್ಕರೆಯ ತಪಾಸಣೆ ತಪ್ಪಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಈ ಕಾಯಿಲೆಗಳ ಕುರಿತು ಕೆಲಸ ನಡೆದಿದೆ. ಆದರೆ ರೋಗಿ ಮೊದಲು ಹೋಗುವುದು ತನ್ನೂರಿನ ವೈದ್ಯರ ಬಳಿಗೆ. ಅವರಿಗೆ ಈ ಕಾಯಿಲೆ ಹೊಸದಾಗಿದ್ದರೂ ತಪ್ಪಿಲ್ಲ. ರೋಗಿಯ ಮಾತನ್ನು ನಂಬಿ, ಆ ಒಂದು ಹಾಳೆಯನ್ನು ಬರೆದುಕೊಡಲಿ.