ಒಂದು ಡಿಗ್ರಿಯ ಹೊತ್ತು

ಕಾರಿನ ಎಂಜಿನ್ನಿಗೆ ಮನೆಯಲ್ಲೇ ಮಾಡಬಹುದಾದ ಕೆಲಸಗಳಲ್ಲಿ ಕ್ಯಾಮ್ ಗೇರ್ ಬದಲಿಸುವುದರಷ್ಟು ನನಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಟರ್ಬೊ ಕೂರಿಸಿದರೆ ಗಾಳಿ ಹೆಚ್ಚು ನುಗ್ಗುತ್ತದೆ. ಸೈಲೆನ್ಸರ್ ಪೈಪು ಅಗಲ ಮಾಡಿದರೆ ಹೊಗೆ ಸಲೀಸಾಗಿ ಹೊರಬೀಳುತ್ತದೆ. ಕ್ಯಾಮ್ ಗೇರ್ ಗಾಳಿಯನ್ನೂ ತರುವುದಿಲ್ಲ, ಪೆಟ್ರೋಲನ್ನೂ ಸುರಿಯುವುದಿಲ್ಲ. ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತದೆ, ಅಷ್ಟೆ. ಅಷ್ಟರಿಂದಲೇ ಎಂಜಿನ್ನಿನ ಸ್ವಭಾವ ಬೇರೆಯಾಗುತ್ತದೆ.

ನಮ್ಮದು 1999ರ ಹೋಂಡಾ ಸಿವಿಕ್ ಎಸ್‌ಐ. ಡೆಟ್ರಾಯ್ಟಿನ ಹೊರವಲಯದಲ್ಲಿ ಮನೆ ಮಾಡಿದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಒಳಗಿರುವುದು ಬಿ16ಎ2 ಎಂಬ 1595 ಸಿಸಿಯ ಎಂಜಿನ್. ಟರ್ಬೊ ಇಲ್ಲದೆಯೇ 7600 ಆರ್‌ಪಿಎಂನಲ್ಲಿ 160 ಹಾರ್ಸ್‌ಪವರ್ ಕೊಡುತ್ತದೆ. ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್: ಒಂದು ಇಂಟೇಕ್ ವಾಲ್ವುಗಳಿಗೆ, ಇನ್ನೊಂದು ಎಕ್ಸಾಸ್ಟ್ ವಾಲ್ವುಗಳಿಗೆ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇವು ಒಂದು ಸುತ್ತು ತಿರುಗಬೇಕು. ಈ ಒಪ್ಪಂದವನ್ನು ಕಾಯುವುದು ರಬ್ಬರಿನ ಟೈಮಿಂಗ್ ಬೆಲ್ಟು ಮತ್ತು ಅದರ ಹಲ್ಲು ಕಚ್ಚುವ ಎರಡು ಕ್ಯಾಮ್ ಗೇರುಗಳು.

ಕಂಪನಿಯ ಗೇರು ಒಂದೇ ತುಂಡಿನದು. ಕೀಲಿಯೊಂದು ಅದನ್ನು ಕ್ಯಾಮಿಗೆ ಒಂದೇ ಕೋನದಲ್ಲಿ ಹಿಡಿದಿಡುತ್ತದೆ. ಹೊರಗೆ ಸಿಗುವ ಅಡ್ಜಸ್ಟಬಲ್ ಗೇರು ಎರಡು ತುಂಡಿನದು. ನಡುವಿನ ಬಿಲ್ಲೆ ಕ್ಯಾಮಿಗೆ ಅಂಟಿಕೊಂಡಿರುತ್ತದೆ, ಹಲ್ಲಿರುವ ಹೊರಬಳೆ ಬೆಲ್ಟಿಗೆ ಸೇರಿದ್ದು. ನಡುವಿನ ಸಣ್ಣ ಬೋಲ್ಟುಗಳನ್ನು ಸಡಿಲಿಸಿದರೆ ಒಂದು ಇನ್ನೊಂದರ ಮೇಲೆ ಜಾರುತ್ತದೆ. ಎಷ್ಟು ಜಾರಿತೆಂದು ಹೇಳಲು ಡಿಗ್ರಿಯ ಗೆರೆಗಳನ್ನು ಕೊರೆದಿರುತ್ತಾರೆ.

ಇದು ನಮಗೆ ಬೇಕಾದದ್ದು ಶೋಕಿಗಲ್ಲ. ಹಿಂದೆ ಯಾವಾಗಲೋ ಈ ಎಂಜಿನ್ನಿಗೆ ಹೆಡ್ ಫೇಸಿಂಗ್ ಆಗಿತ್ತು. ಹೆಡ್ಡಿನ, ಅಂದರೆ ಕ್ಯಾಮುಗಳು ಕೂತಿರುವ ಮೇಲ್ಭಾಗದ, ತಳವನ್ನು ಸವರಿ ಸಮ ಮಾಡಿದಾಗ ಕ್ಯಾಮುಗಳು ಕ್ರ್ಯಾಂಕಿಗೆ ಅಷ್ಟು ಹತ್ತಿರ ಬರುತ್ತವೆ. ಬೆಲ್ಟಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಬೆಲ್ಟಿನ ಬಿಗಿ ಮಗ್ಗುಲು ಗಿಡ್ಡವಾದಷ್ಟೂ ಕ್ಯಾಮುಗಳು ತಮ್ಮ ಹೊತ್ತಿಗಿಂತ ತುಸು ಹಿಂದೆ ಬೀಳುತ್ತವೆ. ಬೆಲ್ಟನ್ನು ಒಂದು ಹಲ್ಲು ಮುಂದಕ್ಕೆ ಹಾಕಿ ಸರಿಪಡಿಸೋಣವೆಂದರೆ ಅದು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಡಿಗ್ರಿಯ ತಪ್ಪನ್ನು ಡಿಗ್ರಿಯಲ್ಲೇ ತಿದ್ದಬೇಕು.

ಗೇರು ಬದಲಿಸಿದ ದಿನ ಇಲ್ಲಿ ಓದಲು ಬಂದಿರುವ ಅಕ್ಕನ ಮಗ ಜೊತೆಗಿದ್ದ. ಹೊಸ ಗೇರನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ ಕೇಳಿದ:

“ಮಾವ, ಇದರಿಂದ ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಗುತ್ತೆ?”

“ಒಟ್ಟು ಲೆಕ್ಕದಲ್ಲಿ ಒಂದೂ ಆಗದೆ ಇರಬಹುದು ಕಣೋ. ಕೆಳಗಿಂದು ಮೇಲಕ್ಕೆ ಹೋಗುತ್ತೆ, ಇಲ್ಲಾ ಮೇಲಿಂದು ಕೆಳಕ್ಕೆ ಬರುತ್ತೆ.”

“ಹಾಗಾದ್ರೆ ಎಲ್ಲಿ ಬೇಕು ಅಂತ ಮೊದಲು ನಾವೇ ತೀರ್ಮಾನ ಮಾಡ್ಬೇಕಲ್ಲ?”

ಅವನು ಕೇಳಿದ್ದೇ ಈ ಕೆಲಸದ ತಿರುಳು. ಪಿಸ್ಟನ್ ತಳ ಮುಟ್ಟಿ ಮತ್ತೆ ಮೇಲೇರಲು ತೊಡಗಿದ ಮೇಲೂ ಇಂಟೇಕ್ ವಾಲ್ವು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಂಜಿನ್ ಜೋರಾಗಿ ಓಡುವಾಗ ಒಳನುಗ್ಗುವ ಗಾಳಿಗೆ ತನ್ನದೇ ವೇಗವಿದ್ದು, ಏರುವ ಪಿಸ್ಟನ್ನಿಗೆ ಎದುರಾಗಿಯೂ ತುಂಬಿಕೊಳ್ಳುತ್ತದೆ. ನಿಧಾನಕ್ಕೆ ಓಡುವಾಗ ಆ ವೇಗವಿಲ್ಲ, ತುಂಬಿದ ಗಾಳಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಂಟೇಕ್ ಕ್ಯಾಮನ್ನು ಮುಂದಕ್ಕೆ ಸರಿಸಿದರೆ ವಾಲ್ವು ಬೇಗ ಮುಚ್ಚಿ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೆಚ್ಚುತ್ತದೆ. ಹಿಂದಕ್ಕೆ ಸರಿಸಿದರೆ ಆ ಲಾಭ ಮೇಲಿನ ಆರ್‌ಪಿಎಂಗೆ ಹೋಗುತ್ತದೆ. ಇನ್ನು ಓವರ್‌ಲ್ಯಾಪ್. ಹೊಗೆ ಹೊರಹೋಗುವುದು ಮುಗಿಯುವ ಮುನ್ನವೇ ಇಂಟೇಕ್ ತೆರೆಯುವ ಚಿಕ್ಕ ಅವಧಿಯದು. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ತೆರೆದಿಟ್ಟಾಗ ಮನೆಯೊಳಗೆ ಗಾಳಿ ಹಾಯುವಂತೆ, ಹೊರಡುವ ಹೊಗೆ ಹೊಸ ಗಾಳಿಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಎರಡು ಕ್ಯಾಮುಗಳನ್ನು ಬೇರೆಬೇರೆಯಾಗಿ ಸರಿಸಬಲ್ಲವನಿಗೆ ಈ ಅವಧಿಯೂ ಕೈಗೆ ಸಿಗುತ್ತದೆ.

ಕೆಲಸ ಕಷ್ಟದ್ದಲ್ಲ, ಅವಸರಕ್ಕೆ ಮಾತ್ರ ಒಗ್ಗುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂದಿನ ಎಡಚಕ್ರ ಬಿಚ್ಚಿದೆವು. ವಾಲ್ವ್ ಕವರೂ ಬೆಲ್ಟಿನ ಮೇಲಿನ ಮುಚ್ಚಳವೂ ಹೊರಬಂದವು. ಹೋಂಡಾದ ಬಿ ಸರಣಿಯ ಎಂಜಿನ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಕೈಯಿಂದ ತಿರುಗಿಸುವಾಗಲೂ ಅದೇ ದಿಕ್ಕನ್ನು ಹಿಡಿಯಬೇಕು. ಕ್ರ್ಯಾಂಕ್ ಪುಲ್ಲಿಯ ಬಿಳಿ ಗುರುತು ಸೂಚಕಕ್ಕೆ ಬಂದು ನಿಂತಾಗ ಮೊದಲನೆಯ ಪಿಸ್ಟನ್ ತುತ್ತತುದಿಯಲ್ಲಿರುತ್ತದೆ. ಆಗ ಎರಡು ಕ್ಯಾಮ್ ಗೇರುಗಳ ಗೆರೆಗಳು ಒಂದಕ್ಕೊಂದು ಎದುರುಬದುರಾಗಿ ನಿಲ್ಲಬೇಕು. ಕ್ಯಾಮುಗಳು ಕದಲದಂತೆ ಅವುಗಳನ್ನು ಹಿಡಿದಿಡುವ ಹೋಲ್ಡರುಗಳ ತೂತುಗಳಿಗೆ 5 ಮಿಲಿಮೀಟರಿನ ಪಿನ್ನು ತೂರಿಸಲು ಹೋಂಡಾದವರೇ ಜಾಗ ಬಿಟ್ಟಿದ್ದಾರೆ. ಆದರೆ ಬೋಲ್ಟು ಬಿಚ್ಚುವ ಬಲವನ್ನು ಆ ಪಿನ್ನಿನ ಮೇಲೆ ಹಾಕಬಾರದು, ಗೇರನ್ನೇ ಬೇರೆ ಹಿಡಿದುಕೊಳ್ಳಬೇಕು. ಟೆನ್ಷನರ್ ಸಡಿಲಿಸಿ, ಬೆಲ್ಟು ಜಾರಿಸಿ, ಹಳೆಯ ಗೇರು ತೆಗೆದು, ಹೊಸದನ್ನು ಸೊನ್ನೆಯ ಗೆರೆಗೆ ಹೊಂದಿಸಿ ಕೂರಿಸಿದೆವು. ಪ್ರತಿ ಬೋಲ್ಟಿಗೂ ಟಾರ್ಕ್ ರೆಂಚ್, ಮ್ಯಾನುಯಲ್ ಹೇಳಿದಷ್ಟೇ ಬಿಗಿ. ಎರಡು ತುಂಡನ್ನು ಹಿಡಿದಿಡುವ ಸಣ್ಣ ಬೋಲ್ಟು ಓಡುವಾಗ ಸಡಿಲವಾದರೆ ಟೈಮಿಂಗ್ ತಾನಾಗಿ ಜಾರುತ್ತದೆ. ಆದ್ದರಿಂದ ಸ್ವಲ್ಪ ದೂರ ಓಡಿಸಿದ ಮೇಲೆ ಅವನ್ನು ಮತ್ತೆ ನೋಡಲೇಬೇಕು.

ಸ್ಟಾರ್ಟ್ ಮಾಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ಈ ಎಂಜಿನ್ನಿನಲ್ಲಿ ಹೊತ್ತು ತಪ್ಪಿದ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಕೈಗೆ ಗಟ್ಟಿಯಾಗಿ ಏನಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು. ಇಂಟೇಕನ್ನು ಮುಂದಕ್ಕೂ ಎಕ್ಸಾಸ್ಟನ್ನು ಹಿಂದಕ್ಕೂ ಸರಿಸಿದಷ್ಟು ವಾಲ್ವು ಪಿಸ್ಟನ್ನುಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಗೇರು, ಒಂದೊಂದೇ ಡಿಗ್ರಿ. ಫಲವನ್ನು ಡೈನೋ ಎಂಬ ಬಲ ಅಳೆಯುವ ಯಂತ್ರದ ಮೇಲೆ ನೋಡುವುದು ಮೇಲು, ಕಿವಿಯನ್ನು ಅಷ್ಟಾಗಿ ನಂಬುವಂತಿಲ್ಲ.

8000 ಆರ್‌ಪಿಎಂನಲ್ಲಿ ಕ್ಯಾಮಿನ ಒಂದು ಡಿಗ್ರಿ ಎಂದರೆ ಸೆಕೆಂಡಿನ 24,000ದಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಹೊತ್ತನ್ನು ಒಂದು ಸ್ಪ್ಯಾನರು ಹಿಡಿದು ಸರಿಸಬಹುದು ಎಂಬುದು ನನಗೆ ಇಂದಿಗೂ ದೊಡ್ಡ ಸಂತೋಷ. ಈಗಿನ ಕಾರುಗಳಲ್ಲಿ ಇದನ್ನು ಎಂಜಿನ್ನೇ ಓಡುತ್ತೋಡುತ್ತಾ ಮಾಡಿಕೊಳ್ಳುತ್ತದೆ. 1980ರಲ್ಲಿ ಆಲ್ಫಾ ರೋಮಿಯೋ ತನ್ನ ಸ್ಪೈಡರ್‌ನಲ್ಲಿ ತಂದ ಆ ಉಪಾಯ ವಿವಿಟಿ ಎಂಬ ಹೆಸರಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ಓಡುವ ಮಾರುತಿ ಸ್ವಿಫ್ಟಿನಲ್ಲೂ ಇದೆ. ಒಳ್ಳೆಯದೇ. ಅಲ್ಲಿ ಕೆಳಗಿನ ಎಳೆತವೂ ಮೇಲಿನ ಓಟವೂ ಎರಡೂ ದಕ್ಕುತ್ತವೆ.

ನಮ್ಮ ಹಳೆಯ ಸಿವಿಕ್‌ಗೆ ಎರಡೂ ದಕ್ಕುವುದಿಲ್ಲ, ಒಂದನ್ನು ಆರಿಸಬೇಕು. ಅಕ್ಕನ ಮಗನೊಡನೆ ಕೂತು, ನಾವು ದಿನವೂ ಓಡಾಡುವ ದಾರಿಯನ್ನು ನೆನೆದೆ: ಸಿಗ್ನಲ್ಲುಗಳು, ಶಾಲೆಯ ವಲಯ, ಹೆದ್ದಾರಿಗೆ ಏರುವ ಸಣ್ಣ ದಿಬ್ಬ. 8000 ಆರ್‌ಪಿಎಂ ಮುಟ್ಟುವ ಸಂದರ್ಭ ಅಲ್ಲಿ ಎಲ್ಲಿದೆ? ಇಂಟೇಕನ್ನು ಎರಡು ಡಿಗ್ರಿ ಮುಂದಕ್ಕಿಟ್ಟು, ಎಕ್ಸಾಸ್ಟನ್ನು ಸೊನ್ನೆಯಲ್ಲೇ ಬಿಟ್ಟೆವು. ಮೇಲಿನ ಓಟದಲ್ಲಿ ಬಿಟ್ಟುಕೊಟ್ಟದ್ದು ಏನೆಂದು ನಮಗೆ ಗೊತ್ತು, ಯಾಕೆ ಬಿಟ್ಟುಕೊಟ್ಟೆವೆಂಬುದೂ ಗೊತ್ತು. ಸ್ವಂತ ಕೈಯಿಂದ ಈ ಕೆಲಸ ಮಾಡಬೇಕೆನ್ನುವವರಿಗೆ ನಾನು ಭರವಸೆ ಕೊಡಬಲ್ಲ ಲಾಭ ಅದೊಂದೇ, ಮತ್ತು ಅದು ಸಾಕು.