ಶಿರಾಡಿಯಲ್ಲಿ ಮಾಯವಾಗುವ ಲಾರಿಗಳು

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟಿದ್ದೇವೆ. ಬೆನ್ನ ಹಿಂದೆ ಕಂಟೇನರ್ ತುಂಬ ಕಾಫಿ ಬೀಜ. ಕ್ಯಾಬಿನ್ನಿನಲ್ಲಿ ಕೂತ ನಮಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ! ರಾಷ್ಟ್ರೀಯ ಹೆದ್ದಾರಿ 75 ಹಿಡಿದು ಪಣಂಬೂರಿನ ಬಂದರಿಗೆ ಇಳಿಯಬೇಕು. ಲಾರಿಗಳ ಮಾಲೀಕರಾದ ಗೆಳೆಯರು ನನ್ನ ಕೈಗೊಂದು ಟ್ಯಾಬ್ ಕೊಟ್ಟಿದ್ದಾರೆ. ಅದರಲ್ಲಿ ಅವರ ಲಾರಿಗಳು ತಿಂಗಳಿಡೀ ಓಡಾಡಿದ್ದರ ಹೀಟ್ ಮ್ಯಾಪ್.

ಎಂಥ ಚೆಂದ ಅಂತೀರಿ! ಕುಣಿಗಲ್, ಚನ್ನರಾಯಪಟ್ಟಣದ ಉದ್ದಕ್ಕೂ ತೆಳು ಹಳದಿ ಎಳೆ, ಹಾಸನದಲ್ಲಿ ಕಿತ್ತಳೆ, ಪಣಂಬೂರಿನಲ್ಲಿ ಕೆಂಡದ ಕೆಂಪು. ನಮ್ಮ ಹಳೇ ಮನೆಯ ಕಾವಿ ನೆಲದಲ್ಲಿ ಅಡುಗೆಮನೆಯಿಂದ ಹಿತ್ತಿಲಿಗೆ ಅಜ್ಜಿ ಓಡಾಡಿದ ದಾರಿ ಮಾತ್ರ ಹೊಳೆಯುತ್ತಿತ್ತಲ್ಲ, ಥೇಟ್ ಹಾಗೆ. ಲಾರಿಯಲ್ಲಿ ಅಡಗಿಸಿಟ್ಟ ಪುಟ್ಟ ಪೆಟ್ಟಿಗೆಯೊಂದು ಕೆಲವು ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ಕಳಿಸುತ್ತದೆ. ನಕ್ಷೆಯಲ್ಲಿ ಪ್ರತಿ ಚುಕ್ಕಿಯ ಸುತ್ತ ಮಸುಕಾದ ಬಣ್ಣ ಹರಡುತ್ತದೆ. ಬಣ್ಣದ ಮೇಲೆ ಬಣ್ಣ ಬಿದ್ದಲ್ಲಿ ಕೆಂಪೇರುತ್ತದೆ.

ಸಕಲೇಶಪುರ ದಾಟಿದರೆ ಮಂಜು. ಮಾರನಹಳ್ಳಿಯಿಂದ ಅಡ್ಡಹೊಳೆವರೆಗೆ ಸುಮಾರು 26 ಕಿಲೋಮೀಟರ್ ಶಿರಾಡಿ ಘಾಟಿ. ಅಷ್ಟರಲ್ಲೇ ನಕ್ಷೆಯ ಎಳೆ ಪಟ್ಟನೆ ಕಡಿದಿದೆ! ಇಷ್ಟೂ ಲಾರಿಗಳು ಇಲ್ಲಿಂದ ಹಾರಿಹೋದವೇ? ನನ್ನ ಫೋನ್ ನೋಡಿಕೊಂಡೆ, ಸಿಗ್ನಲ್ಲೇ ಇಲ್ಲ. ಪೆಟ್ಟಿಗೆಗೆ ಜಾಗ ತಿಳಿಸುವುದು ಉಪಗ್ರಹ. ಆ ಸುದ್ದಿಯನ್ನು ಮಾಲೀಕರಿಗೆ ಮುಟ್ಟಿಸುವುದು ಮೊಬೈಲ್ ಟವರ್. ತಾನೆಲ್ಲಿದ್ದೇನೆಂದು ಲಾರಿಗೆ ಗೊತ್ತು, ಹೇಳಲು ಬಾಯಿಲ್ಲ. ಬೆಟ್ಟದ ಗೋಡೆಗೆ ಬಡಿದು ಬರುವ ಉಪಗ್ರಹದ ಅಲೆಗಳೂ ದಾರಿ ತಪ್ಪಿಸುತ್ತವೆ. ಒಮ್ಮೊಮ್ಮೆ ಚುಕ್ಕಿ ಕೆಂಪುಹೊಳೆಗೇ ಇಳಿದಿರುತ್ತದೆ. ಎದುರಿಗೆ ಅಡುಗೆ ಅನಿಲದ ಬುಲೆಟ್ ಟ್ಯಾಂಕರುಗಳು ಏದುಸಿರು ಬಿಡುತ್ತ ಹತ್ತುತ್ತಿವೆ. ಕಾಲ ಕೆಳಗೆ ಇಂಜಿನ್ನಿನ ಕಾವು, ತೊಡೆಯ ಮೇಲಿನ ಟ್ಯಾಬ್ ತಿರುವಿಗೊಮ್ಮೆ ಜಾರಿ ಡ್ರೈವರ್ ಕಡೆಗೆ ಓಡುತ್ತದೆ.

ಘಾಟಿ ಇಳಿದರೆ ಗುಂಡ್ಯ. ಅಲ್ಲೊಂದು ದಪ್ಪ ಕೆಂಪು ಬೊಟ್ಟು.

"ಇಲ್ಲಿ ಇಷ್ಟೊಂದು ಟ್ರಾಫಿಕ್ಕಾ?"

"ಟ್ರಾಫಿಕ್ ಅಲ್ಲ ಸಾರ್, ಊಟ. ಕುಚ್ಚಲಕ್ಕಿ ಅನ್ನ, ಮೀನ್ ಸಾರು."

ನಿಂತ ಲಾರಿಯೂ ಅದೇ ಜಾಗದಿಂದ ಚುಕ್ಕಿ ಕಳಿಸುತ್ತಲೇ ಇರುತ್ತದೆ. ಒಂದು ಲಾರಿಯ ನಿದ್ದೆಯೂ ಹಲವು ಲಾರಿಗಳ ಓಟವೂ ನಕ್ಷೆಯಲ್ಲಿ ಒಂದೇ ಬಣ್ಣ. ನಿಂತ ಚುಕ್ಕಿಗಳನ್ನು ಬೇರ್ಪಡಿಸದೆ ಈ ನಕ್ಷೆ ಓದುವವರು ಹೋಟೆಲಿನ ಜಾಗದಲ್ಲಿ ಫ್ಲೈಓವರ್ ಕಟ್ಟಿಸಿಯಾರು.

ಊಟದ ನಡುವೆ ಫೋನ್ ಟಿಂಗ್ ಟಿಂಗ್ ಎಂದಿತು. ಟ್ಯಾಬಿನಲ್ಲೂ ಘಾಟಿಯ ಚುಕ್ಕಿಗಳು ಒಟ್ಟಿಗೇ ಉದುರತೊಡಗಿದವು. ಪೆಟ್ಟಿಗೆ ಅವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು! ಹೀಗೆ ತಡವಾಗಿ ಬಂದ ಚುಕ್ಕಿಗಳನ್ನು ಹೀಟ್ ಮ್ಯಾಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಅಲ್ಲಿ ಎಳೆ ಕಡಿದಿತ್ತು. ಚುಕ್ಕಿ ಹುಟ್ಟಿದ ಹೊತ್ತು, ಮಾಲೀಕರ ಆಫೀಸು ಮುಟ್ಟಿದ ಹೊತ್ತು, ಇವೆರಡರ ಅಂತರಕ್ಕೆ ಬಣ್ಣ ಬಳಿದ ಇನ್ನೊಂದು ನಕ್ಷೆಯೂ ಟ್ಯಾಬಿನಲ್ಲಿದೆ. ಅದರಲ್ಲಿ ಪಣಂಬೂರು ತಣ್ಣಗೆ, ಶಿರಾಡಿ ಧಗಧಗ. ಮಾತು ಎಲ್ಲಿ ಕಡಿಯುತ್ತದೆಂದು ತಿರುವು ತಿರುವಿಗೂ ತೋರಿಸುವ ಈ ನಕ್ಷೆಯೇ ನನಗೆ ಹೆಚ್ಚು ಹಿಡಿಸಿತು.

2019ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಲ್ಲಿ ಇಂಥ ಪೆಟ್ಟಿಗೆಯ ಜೊತೆ ಅಪಾಯದಲ್ಲಿ ಒತ್ತುವ ಗುಂಡಿಯೂ ಇರಬೇಕೆಂಬ ನಿಯಮವಿದೆ. ಸಿಗ್ನಲ್ ಇಲ್ಲದ ತಿರುವಿನಲ್ಲಿ ಅದನ್ನು ಒತ್ತಿದರೆ ಯಾರಿಗೆ ಕೇಳೀತು? ಟವರ್ ನಿಲ್ಲಿಸುವವರು ಈ ಎರಡನೇ ನಕ್ಷೆಯನ್ನು ಒಮ್ಮೆ ನೋಡಲಿ. ಅಲ್ಲಿಯವರೆಗೆ, ಶಿರಾಡಿ ಇಳಿಯುವವರೇ, ಮನೆಗೆ ಮಾಡಬೇಕಾದ ಫೋನನ್ನು ಸಕಲೇಶಪುರದಲ್ಲೇ ಮಾಡಿ ಮುಗಿಸಿ.