ತಂಗಿಯ ಹೆಸರಿನಲ್ಲಿ ನಾಲ್ಕು ಊರು

ಕೊಪ್ಪಳದ ಕಡೆ ಎಂದಾದರೂ ಬಂದಿದ್ದೀರಾ? ಬಂದಿದ್ದರೂ ಹೊಸಪೇಟೆಯಿಂದ ಹುಬ್ಬಳ್ಳಿಗೆ ಹೋಗುವ ರೈಲಿನ ಕಿಟಕಿಯಿಂದ ಬೋಳು ಗುಡ್ಡಗಳನ್ನು ನೋಡಿ, "ಇಲ್ಲೇನಿದೆ?" ಎಂದುಕೊಂಡು ಮುಂದೆ ಸಾಗಿರುತ್ತೀರಿ. ಈ ಸಲ ನನ್ನ ಜೊತೆ ಇಳಿಯಿರಿ. ನಾನು ತಿರುಗಿದ್ದು ಪ್ರವಾಸಕ್ಕಲ್ಲ, ನಾಲ್ಕು ಜನರನ್ನು ಕೇಳಿ ತರಲು. ಜೊತೆಗೆ ಅವ್ವ, ಕೈಯಲ್ಲಿ ಒಂದು ರಸೀದಿ ಪುಸ್ತಕ.

ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ತಂಗಿಯ ಎರಡೂ ಕಾಲು ಸೋತಿದ್ದವು. ಅಪ್ಪ ಇರುವತನಕ ಹೆಗಲ ಮೇಲೆ ಕೂಡಿಸಿಕೊಂಡು ಜಾತ್ರೆ ತೋರಿಸಿದರು. ಆಮೇಲೆ ಅವಳ ಲೋಕವೆಂದರೆ ಪಡಸಾಲೆ ಮತ್ತು ಮನೆಮುಂದಿನ ಕಟ್ಟೆ. "ಅಕ್ಕಾ, ಆನೆಗೊಂದಿ ಹೊಳಿ ಹೆಂಗೈತಿ?" ಎಂದು ಕೇಳುತ್ತಿದ್ದಳು. "ಮುಂದಿನ ಬ್ಯಾಸಿಗಿಗೆ ಹೋಗೂಣು" ಎನ್ನುತ್ತಿದ್ದೆ. ಆ ಬೇಸಿಗೆ ಬರಲೇ ಇಲ್ಲ. ಅವಳು ತೀರಿಕೊಂಡ ಮೇಲೆ, ಅವಳ ಹೆಸರಿನಲ್ಲಿ ಶಾಲೆಗೊಂದು ಕಲ್ಲುಬೆಂಚು ಹಾಕಿಸೋಣವೆಂದೆ. ಅವ್ವ ಒಪ್ಪಲಿಲ್ಲ. "ಕುಂತು ಕುಂತು ಸಾಕಾಗಿತ್ತವಾ ಆಕಿಗೆ. ಅಂಥ ಮಕ್ಕಳನ್ನ ಒಂದೀಟು ಹೊರಗ ಕರಕೊಂಡು ಹೋಗೂಣು." ಹೀಗೆ ಹುಟ್ಟಿತು, ಐದು ದಿನದ ಬೇಸಿಗೆ ಶಿಬಿರದ ಯೋಚನೆ. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವಾಯಿತು, ನಿಜ. ಆದರೆ ಕಟ್ಟೆಯಾಚೆ ಕಾಣದ ಮಕ್ಕಳು ಇನ್ನೂ ಇದ್ದಾರೆ.

ಮೊದಲು ಕೊಪ್ಪಳದ ಗವಿಮಠ. ಇಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಜನವರಿಯ ಜಾತ್ರೆಗೆ ಹಳ್ಳಿಹಳ್ಳಿಯ ಹೆಂಗಸರು ಜೋಳದ ರೊಟ್ಟಿ ಬಡಿದು ಗಾಡಿ, ಟ್ರ್ಯಾಕ್ಟರುಗಳಲ್ಲಿ ದಾಸೋಹಕ್ಕೆ ಕಳಿಸುತ್ತಾರೆ. 2025ರ ಜಾತ್ರೆಯ ಜಾಗೃತಿ ನಡಿಗೆ ವಿಕಲಚೇತನರಿಗಾಗಿಯೇ ನಡೆಯಿತು. ರೊಕ್ಕವಿಲ್ಲದವರೂ ಕೊಡಬಲ್ಲರೆಂದು ನಮಗೆ ಕಲಿಸಿದ್ದು ಆ ರೊಟ್ಟಿಗಳು. ಓಣಿಯಲ್ಲಿ "ದುಡ್ಡು ಕೊಡ್ರಿ" ಎನ್ನದೆ, "ನಿಮ್ಮಿಂದ ಏನಾಕ್ಕೈತ್ರಿ?" ಎಂದು ಕೇಳಿದೆವು. ಒಬ್ಬರು ಕಟಕ ರೊಟ್ಟಿ, ಒಬ್ಬರು ಶೇಂಗಾ ಚಟ್ನಿ, ಆಟೋದವನೊಬ್ಬ ಎರಡು ದಿನದ ದುಡಿಮೆ ಕೊಡುತ್ತೇನೆಂದ.

ಯಲಬುರ್ಗಾಕ್ಕೆ ಹೋಗುವಾಗ ಇಟಗಿಯಲ್ಲಿ ಇಳಿದೆವು. 1112ರ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡುವ ಮಹಾದೇವ ದೇವಾಲಯ ಇಲ್ಲಿದೆ. ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆತ ತನ್ನ ತಂದೆತಾಯಿಯ ಹೆಸರಿನಲ್ಲೂ ಅಲ್ಲೇ ಗುಡಿ ಮಾಡಿಸಿದ. ಅವ್ವ ಕಂಬಕ್ಕೆ ಒರಗಿ ಬಹಳ ಹೊತ್ತು ಕುಳಿತಳು. "ಹೆಸರು ಉಳಸಬೇಕನ್ನೂ ಆಸೆ ಅಂದಿಂದನೂ ಐತಿ ನೋಡು" ಎಂದಳು.

ಯಲಬುರ್ಗಾದ ಅಂಗಡಿಕಾರನೊಬ್ಬ, "ನಡಿಯಾಕ ಬರದ ಹುಡುಗ್ರಿಗೆ ತಿರುಗಾಟ ಯಾಕ್ರಿ? ಅಕ್ಕಿ-ಬ್ಯಾಳಿ ಕೊಡ್ರಿ, ಸಾಕು" ಎಂದ. ಅವ್ವನಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆನಪಾಯಿತು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಬಳಿಕ ಶಿಷ್ಯ ಪುಟ್ಟರಾಜ ಗವಾಯಿಗಳು, ಸ್ವತಃ ದೃಷ್ಟಿಯಿಲ್ಲದವರು, ಗುರುವಿನ ಹೆಸರಿನ ನಾಟ್ಯ ಸಂಘ ನಡೆಸಿದರು. ನಾಟಕದ ಗಳಿಕೆಯಿಂದ ಆಶ್ರಮದ ಅಂಧ ಮಕ್ಕಳಿಗೆ ಊಟವೂ ಸಿಕ್ಕಿತು, ಸಂಗೀತವೂ ಸಿಕ್ಕಿತು. "ಅಜ್ಜಾರು ಬರೇ ಗಂಜಿ ಹಾಕಿದ್ರ ಆ ಹುಡುಗ್ರು ಹಾಡತಿದ್ರೇನಪಾ?" ಎಂದಳು ಅವ್ವ. ಆತ 101 ರೂಪಾಯಿ ಕೊಟ್ಟ. ಮಾತಿಗೆ ಒಪ್ಪಿದನೋ, ಅವ್ವನ ಬಾಯಿಗೆ ಹೆದರಿದನೋ ಕಾಣೆ!

ಕುಷ್ಟಗಿಯಲ್ಲಿ ಒಬ್ಬ ತಾಯಿ ನಮ್ಮನ್ನು ಒಳಗೆ ಕರೆದಳು. ಹದಿನಾಲ್ಕರ ಮಗ, ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕು. "ಯಕ್ಕಾ, ರೊಕ್ಕ ಇಲ್ರಿ. ಇವನ್ನ ಕರಕೊಂಡು ಹೋಗ್ತೀರೇನು? ನಾ ಒಂದು ಮಧ್ಯಾಹ್ನ ನಿದ್ದಿ ಮಾಡತೀನಿ" ಎಂದಳು. ನಾವು ಮಕ್ಕಳ ಲೆಕ್ಕವನ್ನಷ್ಟೇ ಹಾಕಿದ್ದೆವು. ಅಂದು ರಾತ್ರಿ ತಾಯಂದಿರ ಊಟ, ಹಾಸಿಗೆಗಳನ್ನೂ ಖರ್ಚಿಗೆ ಸೇರಿಸಿದೆ.

ಅಲ್ಲಿಂದ ತಾವರಗೇರಾ ದಾಟಿ ಗಂಗಾವತಿಗೆ ಬಂದರೆ ನೋಟವೇ ಬೇರೆ! ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಹಸಿರು ಗದ್ದೆ, ಸಾಲು ಅಕ್ಕಿ ಗಿರಣಿಗಳು. ಇಲ್ಲಿ ಅಕ್ಕಿಯ ಚಿಂತೆ ಕಳೆಯಿತು. ಸಮೀಪದ ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಅದನ್ನು ಕೈಬಿಟ್ಟು ಆನೆಗೊಂದಿಯ ಹೊಳೆದಂಡೆಯನ್ನು ಆರಿಸಿಕೊಂಡೆವು.

ಮನೆಗೆ ಬಂದು ರಸೀದಿ ಪುಸ್ತಕ ತೆರೆದಾಗ ಒಂದು ಸಂಗತಿ ಕಂಡಿತು. 51 ರೂಪಾಯಿ ಕೊಟ್ಟಾಕೆ ತೀರಿಹೋದ ಗಂಡನ ಹೆಸರು ಬರೆಸಿದ್ದಳು. ಇನ್ನೊಬ್ಬಳು ಕೂಸಿನದು, ಮತ್ತೊಬ್ಬಳು ಅತ್ತೆಯದು. ತಂಗಿಯ ಶಿಬಿರ ಅಷ್ಟೂ ಮನೆಗಳ ಶಿಬಿರವಾಗಿತ್ತು.

ಏಪ್ರಿಲ್ ತಿಂಗಳಲ್ಲಿ ಶಿಬಿರ ನಡೆಯಿತು. ಬಿಸಿಲಿಗೆ ಹೆದರಿ ಮುಂಜಾನೆ ಹತ್ತರೊಳಗೆ, ಸಂಜೆ ಐದರ ಮೇಲೆ ಮಾತ್ರ ಹೊರಗಿನ ಆಟ. ನಡುವೆ ಕಿನ್ನಾಳದ ಗೊಂಬೆಗಳನ್ನು ನೋಡಿ ಬಣ್ಣ ಬಳಿಯುವ ಕೆಲಸ. ಕಡೆಯ ಸಂಜೆ ಮಕ್ಕಳನ್ನು ದಂಡೆಯಲ್ಲಿ ಕೂಡಿಸಿ, ಒಬ್ಬೊಬ್ಬರಿಗೂ ಒಬ್ಬೊಬ್ಬ ದೊಡ್ಡವರು ಹಿಡಿದುಕೊಂಡು, ಕಾಲನ್ನು ನೀರಿಗೆ ಇಳಿಬಿಟ್ಟೆವು. ಕುಷ್ಟಗಿಯ ಹುಡುಗ ಕಿರುಚಿ ನಕ್ಕ. ಅವನ ತಾಯಿ ಮರದ ಬುಡದಲ್ಲಿ ಗಾಢ ನಿದ್ದೆಯಲ್ಲಿದ್ದಳು. ಯಾರೂ ಎಬ್ಬಿಸಲಿಲ್ಲ.

ನಿಮ್ಮ ಮನೆಯಲ್ಲೂ ಅಗಲಿದವರ ಹೆಸರಿನಲ್ಲಿ ಏನಾದರೂ ಮಾಡುವ ಆಸೆಯಿದ್ದರೆ, ಸೋದರಿಯರೇ, ಇಷ್ಟು ನೆನಪಿಡಿ. ಹಣಕ್ಕಿಂತ ಮೊದಲು ವಸ್ತು, ದುಡಿಮೆ ಕೇಳಿ. ಹತ್ತು ರೂಪಾಯಿಗೂ ರಸೀದಿ ಕೊಡಿ. ಜಾಗ ಗೊತ್ತುಮಾಡುವ ಮುಂಚೆ ನೆರಳು, ಇಳಿಜಾರು ದಾರಿ, ಗಾಲಿಕುರ್ಚಿ ಹೋಗುವಂಥ ಶೌಚಾಲಯ ನೀವೇ ನೋಡಿ ಬನ್ನಿ. ತಾಯಂದಿರಿಗೂ ಒಂದು ಚಾಪೆ ಹಾಸಿ. ಮತ್ತೆ, "ಮುಂದಿನ ಬೇಸಿಗೆಗೆ" ಎನ್ನಬೇಡಿ.